ಪಾಲಿಸಿ ಕೆಲಸ ಅಂದರೆ ಎಲ್‌ಐಸಿ ಅಲ್ಲ ಅಂತ ಅಪ್ಪನಿಗೆ ಹೇಗೆ ಹೇಳಲಿ?

ಪ್ರಶ್ನೆ: ಮೇಡಂ, ನಮ್ಮದು ಗೋಣಿಕೊಪ್ಪಲಿನ ಹತ್ತಿರ ಒಂದು ಹಳ್ಳಿ. ಆರು ಎಕರೆ ರೋಬಸ್ಟಾ ತೋಟ, ನಡುವೆ ಮೆಣಸು. ನನಗೆ 29 ವರ್ಷ. ಬೆಂಗಳೂರಿನಲ್ಲಿ ಹಾವಿನ ವಿಷದ ಪ್ರೋಟೀನುಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ, ಈಗ ನಾಲ್ಕನೇ ವರ್ಷ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ, ಪಕ್ಕದ ಎಸ್ಟೇಟಿನ ಕಾರ್ಮಿಕರ ಲೈನ್‌ಮನೆಯಲ್ಲಿದ್ದು ನಮ್ಮ ತೋಟಕ್ಕೂ ಕೆಲಸಕ್ಕೆ ಬರುವ ಒಬ್ಬರಿಗೆ ಕಳೆ ಕೊಚ್ಚುವಾಗ ಹಾವು ಕಚ್ಚಿತು. ಜೀಪಿನಲ್ಲಿ ಹಾಕಿಕೊಂಡು ಮುಕ್ಕಾಲು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದೆವು. ವಿಷ ಇಳಿಸುವ ಇಂಜೆಕ್ಷನ್ ಒಂದರ ಮೇಲೊಂದು ಕೊಟ್ಟರು. ಆದರೂ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ ಅಂತ ಮೂರು ತಿಂಗಳು ಓಡಾಡಿದರು. ಬದುಕಿದ್ದಾರೆ, ಮೊದಲಿನ ಹಾಗೆ ಕೆಲಸ ಮಾಡಲು ಆಗುವುದಿಲ್ಲ. ಕಚ್ಚಿದ್ದು ಗುಳಿಮಂಡಲ. ಅದಕ್ಕೆ ಆ ಇಂಜೆಕ್ಷನ್ ನಾಟುವುದಿಲ್ಲ ಅಂತ ನನ್ನ ಥೀಸಿಸ್‌ನ ಮೊದಲ ಅಧ್ಯಾಯದಲ್ಲೇ ಬರೆದಿದ್ದೇನೆ. ಗೊತ್ತಿದ್ದೂ ಏನೂ ಮಾಡಲಾಗಲಿಲ್ಲ. ಆವತ್ತಿನಿಂದ ಲ್ಯಾಬ್ ಬಿಟ್ಟು ಆರೋಗ್ಯ ನೀತಿಯ ಕಡೆ ಹೋಗಬೇಕು ಅನ್ನಿಸುತ್ತಿದೆ. ಗೈಡ್‌ಗೆ ಹೇಳಿದರೆ, 'ಅದು ಸೈನ್ಸ್ ಆಗದವರು ಹಿಡಿಯುವ ದಾರಿ' ಅಂದರು. ಎಂಬಿಬಿಎಸ್ ಇಲ್ಲದಿದ್ದರೆ ಅಲ್ಲಿ ಯಾರೂ ಮೂಸಿಯೂ ನೋಡಲ್ಲ ಅಂತ ಗೆಳತಿ ಹೇಳುತ್ತಾಳೆ. ದೆಹಲಿಗೆ ಹೋಗಲೇಬೇಕಾ? ಕೊಡಗಿನಲ್ಲೇ ಇದ್ದು ಮಾಡಲು ಆಗುತ್ತಾ? ಸಂಬಳ ಬರುತ್ತಾ? ಪಾಲಿಸಿ ಕೆಲಸ ಅಂದಾಗ ಅಪ್ಪ, 'ಎಲ್‌ಐಸಿ ಏಜೆಂಟಾ?' ಅಂತ ಕೇಳಿದರು. ತಮಾಷೆಗಲ್ಲ, ನಿಜವಾಗಿಯೂ ಕೇಳಿದರು.

ಉತ್ತರ: ಇದೇ ಪ್ರಶ್ನೆಯನ್ನು ನಮ್ಮತ್ತೆ ನನಗೂ ಕೇಳಿದ್ದರು. ಹದಿನೇಳು ವರ್ಷದ ಹಿಂದೆ ನಾನು ಲ್ಯಾಬ್ ಕೆಲಸ ಬಿಟ್ಟು ಬಂದಾಗ, 'ಅಷ್ಟೆಲ್ಲ ಓದಿ ಇನ್ಶೂರೆನ್ಸ್ ಮಾಡ್ತೀಯಾ?' ಅಂದರು. ಹಾಗಾಗಿ ನಿಮ್ಮ ಪತ್ರದ ಕೊನೆ ಸಾಲು ಓದಿ ನಗು ಬಂತು. ಲೈನ್‌ಮನೆಯವರ ವಿಷಯ ಇನ್ನೊಮ್ಮೆ ಓದಿದಾಗ ನಗು ಇಳಿದುಹೋಯಿತು.

ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ನನಗೆ ಕೇಳಿಸಿದ್ದು ಒಂದೇ. ಗೊತ್ತಿರುವುದು ಥೀಸಿಸ್‌ನಲ್ಲಿ ಕೂತಿದೆ, ಬೇಕಾಗಿದ್ದು ಆ ವಾರ್ಡಿನಲ್ಲಿ. ಈ ಎರಡರ ನಡುವೆ ಯಾರು ಕೆಲಸ ಮಾಡುತ್ತಾರೆ, ಅವರಿಗೆ ಯಾರು ಸಂಬಳ ಕೊಡುತ್ತಾರೆ, ಅಲ್ಲಿಗೆ ಹೋದರೆ ನಾನು ವಿಜ್ಞಾನಿಯಾಗಿ ಉಳಿಯುತ್ತೇನಾ? ಇಷ್ಟೇ ಅಲ್ವಾ?

ಮೊದಲು ಆ ದಿನದ ಕತೆಯನ್ನೇ ಬಿಡಿಸಿ ನೋಡೋಣ. ನಮ್ಮಲ್ಲಿ ಸಿಗುವ ವಿಷದ ಮದ್ದು, ಆಸ್ಪತ್ರೆಯವರ ಬಾಯಲ್ಲಿ ಎಎಸ್‌ವಿ, ನಾಲ್ಕು ಹಾವುಗಳ ವಿಷದಿಂದ ತಯಾರಾಗುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ತೆಗೆಯುತ್ತಾರೆ. ಆ ವಿಷದ ದೊಡ್ಡ ಪಾಲು ಬರುವುದು ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘದಿಂದ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಬೇರೆ ಓದುಗರಿಗಾಗಿ ಹೇಳುತ್ತಿದ್ದೇನೆ. ಕಾಫಿ ತೋಟದ ತರಗೆಲೆಯಲ್ಲಿ ಸುಮ್ನೆ ಸುತ್ತಿಕೊಂಡು ಮಲಗಿರುವ, ಮೂಗಿನ ತುದಿ ಮೇಲಕ್ಕೆ ತಿರುಗಿದ ಪುಟ್ಟ ಗುಳಿಮಂಡಲ ಆ ನಾಲ್ಕರ ಪಟ್ಟಿಯಲ್ಲಿ ಇಲ್ಲ.

ಆವತ್ತು ಡ್ಯೂಟಿ ಡಾಕ್ಟರು ಏನು ಮಾಡಿರುತ್ತಾರೆ? ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲ್ಲಾಡಿಸದೆ ಇಟ್ಟಿರುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಅಂತ ಲೆಕ್ಕ, ಎಎಸ್‌ವಿ ಶುರು. ಗುಳಿಮಂಡಲ ಕಚ್ಚಿದರೂ ರಕ್ತ ಹೆಪ್ಪುಗಟ್ಟದೆ ಇರಬಹುದು. ಟ್ಯೂಬು ನೋಡಿ ಯಾವ ಹಾವು ಅಂತ ಹೇಳಲು ಬರುವುದಿಲ್ಲ. ಕಚ್ಚಿದ್ದು ಕೊಳಕುಮಂಡಲವೇ ಆಗಿದ್ದು ಮದ್ದು ಕೊಡದೆ ಕೂತರೆ ಜೀವ ಹೋಗುತ್ತದೆ. ಕೊಟ್ಟರು. ಆ ಜಾಗದಲ್ಲಿ ಯಾರಿದ್ದರೂ ಕೊಡುತ್ತಿದ್ದರು.

ಗುಳಿಮಂಡಲಕ್ಕೂ ನಾಟುವ ಮದ್ದು ಮಾಡಿದರಾಯಿತು ಅನ್ನಬಹುದು. ಕೊಳ್ಳುವವರು ಯಾರು? ಪಶ್ಚಿಮ ಘಟ್ಟದ ಕೆಲವು ಜಿಲ್ಲೆಗಳಿಗೆ ಮಾತ್ರ ಬೇಕಾದ ಮದ್ದಿಗೆ ಕಂಪನಿ ಯಾಕೆ ದುಡ್ಡು ಹಾಕುತ್ತದೆ? ನಾವು ಕೊಳ್ಳುತ್ತೇವೆ ಅಂತ ಸರ್ಕಾರ ಮೊದಲೇ ಮಾತು ಕೊಡಬೇಕು. ಮಾತು ಕೊಡಲು ವರ್ಷಕ್ಕೆ ಎಷ್ಟು ಬಾಟಲಿ ಬೇಕು ಅಂತ ಗೊತ್ತಿರಬೇಕು. ಅದು ಗೊತ್ತಾಗಲು ಯಾವ ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ಯಾವ ಹಾವು ಕಚ್ಚಿತು ಅಂತ ಯಾರಾದರೂ ಬರೆದಿಡಬೇಕು. ರಾತ್ರಿ ಪಾಳಿಯ ನರ್ಸ್ ರಿಜಿಸ್ಟರಿನಲ್ಲಿ 'ಹಾವು ಕಡಿತ' ಅಂತಷ್ಟೇ ಬರೆದರೆ ಸರಪಳಿ ಅಲ್ಲೇ ತುಂಡಾಯಿತು. ನೀವು ಕೇಳುತ್ತಿರುವ ಕೆಲಸ, ಬಹುಪಾಲು ದಿನ, ಆ ರಿಜಿಸ್ಟರಿಗೆ ಇನ್ನೊಂದು ಕಾಲಂ ಸೇರಿಸಲು ನಡೆಯುವ ಹೋರಾಟ. ಬೇಜಾರಾಯಿತಾ? ಆಗದಿದ್ದರೆ ಮುಂದೆ ಓದಿ.

ಎಷ್ಟು ಕಾಲ ಹಿಡಿಯುತ್ತದೆ ಅಂತ ನೀವು ಕೇಳಲಿಲ್ಲ, ಕೇಳಬೇಕಿತ್ತು. ಭಾರತದಲ್ಲಿ ವರ್ಷಕ್ಕೆ ಸುಮಾರು 46,000 ಜನ ಹಾವು ಕಚ್ಚಿ ಸಾಯುತ್ತಾರೆ ಅಂತ 2011ರಲ್ಲಿ ಒಂದು ಅಧ್ಯಯನ ಬಂತು. ಮನೆಮನೆಗೆ ಹೋಗಿ 'ನಿಮ್ಮವರು ಹೇಗೆ ತೀರಿಕೊಂಡರು' ಅಂತ ಕೇಳಿ ಬರೆದುಕೊಂಡ ಲೆಕ್ಕ ಅದು. ಆಸ್ಪತ್ರೆಯ ದಾಖಲೆಗಿಂತ ಎಷ್ಟೋ ಪಟ್ಟು ಜಾಸ್ತಿ, ಯಾಕೆಂದರೆ ಹೆಚ್ಚಿನವರು ಆಸ್ಪತ್ರೆಯ ಹೊರಗೇ ಹೋಗಿದ್ದರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಕಡೆಗಣಿಸಿದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2020ರಲ್ಲಿ ಹೊಸ ಲೆಕ್ಕ ಬಂತು, ವರ್ಷಕ್ಕೆ ಸರಾಸರಿ 58,000. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಮಾಡಿತು, ಖಾಸಗಿ ಆಸ್ಪತ್ರೆಗಳೂ ಸೇರಿ. ಮಾರ್ಚ್‌ನಲ್ಲಿ ಕೇಂದ್ರದ ಕ್ರಿಯಾ ಯೋಜನೆ ಬಂತು, 2030ರೊಳಗೆ ಸಾವು ಅರ್ಧಕ್ಕೆ ಇಳಿಯಬೇಕು ಅಂತ. ರೋಬಸ್ಟಾ ಗಿಡ ನೆಟ್ಟರೆ ನಾಲ್ಕನೇ ವರ್ಷಕ್ಕೆ ಫಸಲು ಕಾಣುತ್ತೀರಿ. ಇಲ್ಲಿ ಹದಿಮೂರು ವರ್ಷಕ್ಕೆ ಮೊಗ್ಗು ಬಿಟ್ಟಿದೆ. ಇನ್ನು ಹೂಮಳೆ ಬರಬೇಕು.

ಈಗ ಗೈಡ್ ಮಾತಿಗೆ ಬರೋಣ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿಯವರಿಗೆ ಕ್ಷಯದ ಅರಿವಿಲ್ಲ, ಅವರಾಗಿಯೇ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸ್‌ರೇ ತೆಗೆದುಕೊಂಡು ನಾವೇ ಹೋಗಿ ಹುಡುಕಬೇಕು ಅನ್ನುವುದು ಆಗಿನ ಎಷ್ಟೋ ತಜ್ಞರ ನಂಬಿಕೆ. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಜೊತೆಯವರು ತುಮಕೂರು ಜಿಲ್ಲೆಯಲ್ಲಿ ಕ್ಷಯ ಇದ್ದವರನ್ನೇ ಕೂರಿಸಿಕೊಂಡು ಕೇಳಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅವರಲ್ಲಿ ಸುಮಾರು ಅರ್ಧ ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ಊರಿನ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಮಾಡಬೇಕು ಅನ್ನುವ ರಾಷ್ಟ್ರೀಯ ಕಾರ್ಯಕ್ರಮದ ಹಿಂದೆ ಈ ಬಗೆಯ ಕೆಲಸ ಇದೆ. ಇದು ಸೈನ್ಸ್ ಆಗದವರ ಕೆಲಸವಾ? ನಿಮ್ಮ ಗೈಡ್‌ಗೆ ಆ ಪೇಪರ್ ಓದಲು ಕೊಡಿ. ಗೌರವದಿಂದಲೇ ಕೊಡಿ, ಸಹಿ ಮಾಡಬೇಕಾದವರು ಅವರೇ.

ಆದರೆ ಗೈಡ್ ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. ನನ್ನ ಹತ್ತಿರ ಸಲಹೆ ಕೇಳಿಕೊಂಡು ಬರುವವರಲ್ಲಿ ಎಷ್ಟೋ ಜನ ಪ್ರಯೋಗ ಕೈಕೊಟ್ಟ ವಾರ ಬರುತ್ತಾರೆ. ಜೆಲ್ ಸರಿಯಾಗಿ ಓಡದಿದ್ದಾಗ, ಪೇಪರ್ ವಾಪಸ್ ಬಂದಾಗ, ಪಾಲಿಸಿ ತುಂಬಾ ಚಂದ ಕಾಣುತ್ತದೆ. ನೀವೇ ನೋಡಿಕೊಳ್ಳಿ: ಪ್ರಯೋಗ ಚೆನ್ನಾಗಿ ನಡೆಯುತ್ತಿರುವ ವಾರದಲ್ಲೂ ಆ ಲೈನ್‌ಮನೆಯವರು ನೆನಪಾಗುತ್ತಾರಾ? ಹೌದಾದರೆ ಇದು ನಿಮ್ಮ ಕೆಲಸ ಆಗಬಹುದು. ಇಲ್ಲವಾದರೆ ಹತ್ತು ದಿನ ರಜೆ ಹಾಕಿ ಊರಿಗೆ ಬನ್ನಿ, ಅಷ್ಟು ಸಾಕು.

ಎರಡು ಕೆಲಸದ ವ್ಯತ್ಯಾಸ ಇನ್ನೂ ಹತ್ತಿರದಿಂದ ಹೇಳಬೇಕೆಂದರೆ, ನಮ್ಮ ಕೊಡಗಿನ ಕಕ್ಕಡ ತಿಂಗಳ 18ನೇ ದಿನ ನೆನಪಿಸಿಕೊಳ್ಳಿ. ನಿಮ್ಮ ಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ ಮಾಡಿರುತ್ತೀರಿ. ಆಮೇಲೆ ಮೂತ್ರ ಕೆಂಪಾದಾಗ ಹೊರಗಿನಿಂದ ಬಂದ ನೆಂಟರು ಹೆದರಿಕೊಳ್ಳುವುದು ಪ್ರತಿ ವರ್ಷದ ತಮಾಷೆ. ಆ ಬಣ್ಣ ಯಾವ ವಸ್ತುವಿನದು, ಹದಿನೆಂಟು ಬಗೆ ಔಷಧ ಇದೆ ಅನ್ನುವ ಮಾತಿನಲ್ಲಿ ಎಷ್ಟು ಹುರುಳಿದೆ ಅಂತ ಲ್ಯಾಬ್‌ನವರು ಕೇಳುತ್ತಾರೆ. ಉತ್ತರಕ್ಕೆ ಐದು ವರ್ಷ ತೆಗೆದುಕೊಳ್ಳಬಹುದು. ನಾಳೆ ಯಾರೋ ಇದನ್ನು ಅಂಗನವಾಡಿ ಮಕ್ಕಳಿಗೆ ಕೊಡೋಣ ಅಂದರೆ? ಈಗ ಇರುವಷ್ಟು ಪುರಾವೆ ಇಟ್ಟುಕೊಂಡು ಹೌದೋ ಅಲ್ಲವೋ ಹೇಳಬೇಕು. ಅದೂ ಸಂಜೆ ಐದರೊಳಗೆ. 'ಇನ್ನಷ್ಟು ಸಂಶೋಧನೆ ಬೇಕು' ಅಂತ ಬರೆದರೆ ಆ ಕಾಗದ ಕಡತದ ಕೆಳಕ್ಕೆ ಹೋಗುತ್ತದೆ.

ಇದನ್ನು ನಾನು ಕಲಿತದ್ದು ಮುಖಕ್ಕೆ ಹೊಡೆಸಿಕೊಂಡು. ಕೆಲಸಕ್ಕೆ ಸೇರಿದ ಮೊದಲ ವರ್ಷ 42 ಪುಟದ ವರದಿ ಬರೆದೆ. ನಕ್ಷೆ, ಕೋಷ್ಟಕ, ಎಲ್ಲಾ ಇತ್ತು. ಸಂಬಂಧಪಟ್ಟ ಅಧಿಕಾರಿ ಹಾಳೆ ತಿರುಗಿಸಿದರು, ಕನ್ನಡಕ ತೆಗೆದರು, 'ಮೇಡಂ, ನಾವೇನು ಮಾಡಬೇಕು ಅಂತ ಎಲ್ಲಿ ಬರೆದಿದ್ದೀರಿ?' ಅಂದರು. 38ನೇ ಪುಟದಲ್ಲಿ ಇತ್ತು. 'ಎಷ್ಟು ಖರ್ಚು, ಯಾವ ಲೆಕ್ಕಶೀರ್ಷಿಕೆ?' ಅದು ಎಲ್ಲೂ ಇರಲಿಲ್ಲ. ಅವರು ಒರಟು ಮನುಷ್ಯ ಅಲ್ಲ. ಚಹಾ ತರಿಸಿ ಕೊಟ್ಟು, ತಮ್ಮ ಟಿಪ್ಪಣಿ ಹಾಳೆ ತೋರಿಸಿದರು. ಒಂದೊಂದು ಕಂಡಿಕೆ ಮೂರು ನಾಲ್ಕು ಸಾಲು, ಅಚ್ಚ ಕನ್ನಡ. ಕೊನೆಯ ಕಂಡಿಕೆಯಲ್ಲಿ ಏನು ಮಂಜೂರಾಗಬೇಕು ಅನ್ನುವುದು. ನನ್ನ 42 ಪುಟ ಕೊನೆಗೆ ಆ ರೂಪಕ್ಕೆ ಇಳಿಯಲೇಬೇಕಿತ್ತು. ಇಳಿಸುವ ಕೆಲಸ ನಾನೇ ಮಾಡಿದರೆ ನನ್ನ ಮಾತು ಉಳಿಯುತ್ತದೆ, ಬೇರೆಯವರು ಮಾಡಿದರೆ ಏನು ಉಳಿಯುತ್ತದೋ ದೇವರೇ ಬಲ್ಲ. ಅಂದಹಾಗೆ ಇಂಗ್ಲಿಷ್ ಬಗ್ಗೆ ಭಯ ಇದ್ದರೆ ಬಿಡಿ. ನಮ್ಮ ರಾಜ್ಯದ ಕಚೇರಿಗಳಲ್ಲಿ ಕನ್ನಡದಲ್ಲಿ ಚೆನ್ನಾಗಿ ಟಿಪ್ಪಣಿ ಬರೆಯುವ ವಿಜ್ಞಾನಿ ಅಪರೂಪ. ಅದು ನಿಮ್ಮ ಬಂಡವಾಳ.

ಪುರಾವೆ ಇದ್ದ ಮಾತ್ರಕ್ಕೆ ನೀತಿ ಬದಲಾಗುತ್ತದೆ ಅನ್ನುವ ಭ್ರಮೆಯೂ ಬೇಡ. ಮಂಗನ ಕಾಯಿಲೆ ನೋಡಿ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಅದು ಪತ್ತೆಯಾದದ್ದು 1957ರಲ್ಲಿ. ಹಳೆಯ ಲಸಿಕೆಯನ್ನು ದಶಕಗಟ್ಟಲೆ ಕೊಟ್ಟರು. ಅದರ ಪರಿಣಾಮ ಸಾಲದು ಅಂತ ಅಧ್ಯಯನಗಳು ಹೇಳುತ್ತಾ ಬಂದವು. ನಿಂತದ್ದು 2022ರಲ್ಲಿ. ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಬದಲಿ ಇಲ್ಲದಾಗ ಇರುವುದನ್ನೂ ನಿಲ್ಲಿಸಿದರೆ, ಕಾಡಂಚಿನ ಜನರಿಗೆ ಏನು ಹೇಳುವುದು? ಅದಕ್ಕೆ ಉತ್ತರ ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ. ಅದೇ ಹೊತ್ತಿಗೆ, ಜನರ ಕೂಗಿಗೆ ಪೇಪರಿಗಿಲ್ಲದ ಶಕ್ತಿ ಇರುತ್ತದೆ. 2019ರಲ್ಲಿ ಕೊಡಗಿಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ನಮ್ಮ ಜಿಲ್ಲೆಯವರು ಸೋಶಿಯಲ್ ಮೀಡಿಯಾದಲ್ಲಿ ಎಬ್ಬಿಸಿದ ಅಭಿಯಾನ ನಿಮಗೂ ನೆನಪಿರಬೇಕು. ಬೆಂಗಳೂರಿನ ಮೇಜುಗಳ ಮೇಲೆ ಕೊಡಗಿನ ಹೆಸರು ಅಷ್ಟು ಸಲ ಬಿದ್ದದ್ದನ್ನು ನಾನು ಮುಂಚೆ ನೋಡಿರಲಿಲ್ಲ.

ಎಂಬಿಬಿಎಸ್ ವಿಷಯ. ಜಿಲ್ಲಾ ಆರೋಗ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ ಆಗಲು ಅದು ಬೇಕು. ಸರಿ. ಆದರೆ ಒಂದು ಮದ್ದಿಗೆ ಸರ್ಕಾರ ದುಡ್ಡು ಹಾಕಿದರೆ ಎಷ್ಟು ಜೀವ ಉಳಿಯುತ್ತದೆ, ಅದೇ ದುಡ್ಡು ಆಂಬುಲೆನ್ಸಿಗೆ ಹಾಕಿದರೆ ಎಷ್ಟು ಅಂತ ಲೆಕ್ಕ ಹಾಕುವ ಕೆಲಸಕ್ಕೆ ಬೇಡ. ಅದಕ್ಕೆಂದೇ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ 2017ರಿಂದ ಒಂದು ವಿಭಾಗ ಇದೆ, ಎಚ್‌ಟಿಎಇನ್ ಅಂತ. ಅಲ್ಲಿ ಅರ್ಥಶಾಸ್ತ್ರದವರು, ಸಂಖ್ಯಾಶಾಸ್ತ್ರದವರು ಎಲ್ಲ ಇರುತ್ತಾರೆ. ರೋಗದ ಲೆಕ್ಕ ಇಡುವವರು, ಮದ್ದಿನ ಗುಣಮಟ್ಟ ನೋಡುವವರು, ಕಾನೂನು ಓದಿದವರು, ಜನರ ಜೊತೆ ಕೂತು ಮಾತಾಡಿಸುವವರು ಎಲ್ಲರಿಗೂ ಜಾಗ ಇದೆ. ಗೆಳತಿಯ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಸಭೆಗಳಲ್ಲಿ ಬಿಳಿ ಕೋಟಿನವರ ಮಾತಿಗೆ ತೂಕ ಜಾಸ್ತಿ. 'ಡಾಕ್ಟರಾ?' ಅಂತ ಕೇಳುತ್ತಾರೆ. ಹೌದು ಅಂದರೆ 'ಯಾವ ಡಾಕ್ಟರು?' ಅನ್ನುತ್ತಾರೆ. ಪಿಎಚ್‌.ಡಿ. ಅಂದ ಮೇಲೆ ಕುರ್ಚಿ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ನೆಂಟರು ಮಾತ್ರ ಯಾವ ಭೇದವನ್ನೂ ಮಾಡದೆ ಮಂಡಿನೋವಿಗೆ ಮಾತ್ರೆ ಕೇಳುತ್ತಾರೆ.

ದೆಹಲಿಗೆ ಹೋಗಲೇಬೇಕಾ? ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ಪಟ್ಟಿಯಲ್ಲಿವೆ. ದೊಡ್ಡ ಯೋಜನೆ, ಅದರ ದುಡ್ಡು ದೆಹಲಿಯಿಂದ ಬರಬಹುದು. ಹಾವು ಕಡಿತ ವರದಿ ಮಾಡಿ ಅನ್ನುವ ಆದೇಶ ಬಂದದ್ದು ಬೆಂಗಳೂರಿನಿಂದ. ಅದು ಪಾಲನೆಯಾಗುವುದೋ ಇಲ್ಲವೋ ಅನ್ನುವುದು ವಿರಾಜಪೇಟೆಯಲ್ಲಿ, ಸೋಮವಾರಪೇಟೆಯಲ್ಲಿ.

ಬೆಟ್ಟದಿಂದ ವಿಧಾನಸೌಧಕ್ಕೆ ಹೋದವರೂ ನಮ್ಮ ನೆರೆಯಲ್ಲೇ ಇದ್ದಾರೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ಸಂಸ್ಥೆ ಕಟ್ಟಿದರು. ರಾಜ್ಯದ ಆರೋಗ್ಯ ಕಾರ್ಯಪಡೆಗೆ ಅವರೇ ಅಧ್ಯಕ್ಷರಾಗಿ 2001ರಲ್ಲಿ ವರದಿ ಕೊಟ್ಟರು. 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿ, ಆಮೇಲೆ ಪಕ್ಕದ ಎಚ್‌.ಡಿ. ಕೋಟೆಯ ಹಾಡಿಗಳಲ್ಲಿ ಕೆಲಸ ಮಾಡಿದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮುಂದೆ ಕೇಂದ್ರದ ಆಯೋಗದವರೆಗೆ ಹೋದರು. ಇಬ್ಬರೂ ವೈದ್ಯರು ಅನ್ನುವುದು ನಿಜ. ಆದರೆ ಅವರ ಮಾತಿಗೆ ತೂಕ ಬಂದದ್ದು ಕಾಡಿನ ನಡುವೆ ಕಳೆದ ವರ್ಷಗಳಿಂದ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಈಗ ನಿಮಗೆ ಫೆಲೋಶಿಪ್ ಬರುತ್ತಿರಬೇಕು. 2023ರ ಜನವರಿಯಿಂದ ಮೊದಲೆರಡು ವರ್ಷಕ್ಕೆ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಅದು ಐದು ವರ್ಷಕ್ಕೆ ನಿಲ್ಲುತ್ತದೆ. ಪಾಲಿಸಿಯಲ್ಲಿ ಮೊದಲ ಕೆಲಸ ಇದಕ್ಕಿಂತ ಸ್ವಲ್ಪ ಮೇಲೆ ಇರಬಹುದು, ಕೆಳಗೂ ಇರಬಹುದು. ದೊಡ್ಡ ತೊಂದರೆ ಮೊತ್ತದ್ದಲ್ಲ, ಗುತ್ತಿಗೆಯದ್ದು. ವರ್ಷ, ಎರಡು ವರ್ಷದ ಪ್ರಾಜೆಕ್ಟು. ಮಾರ್ಚ್ ಬಂದರೆ ನವೀಕರಣ ಆಗುತ್ತಾ ಅನ್ನುವ ಚಿಂತೆ. ನಾನೇ ಎರಡು ಸಲ ಮೂರು ಮೂರು ತಿಂಗಳು ಸಂಬಳ ಇಲ್ಲದೆ ಕೂತಿದ್ದೇನೆ. ಬ್ಯಾಂಕ್ ಮ್ಯಾನೇಜರ್ ಮನೆ ಸಾಲಕ್ಕೆ 'ಪರ್ಮನೆಂಟಾ?' ಅಂತ ಕೇಳಿದಾಗ ಆದ ಅವಮಾನ ಇನ್ನೂ ನೆನಪಿದೆ. ನಿಮಗೆ ಆರು ಎಕರೆ ತೋಟದ ಆಸರೆ ಇದೆ. ಅದು ಸಣ್ಣದಲ್ಲ. ಆದರೆ 2024ರಲ್ಲಿ ಏರಿದ ರೋಬಸ್ಟಾ ರೇಟನ್ನು ಶಾಶ್ವತ ಅಂದುಕೊಂಡು ಲೆಕ್ಕ ಹಾಕಬೇಡಿ. ರೇಟು ಮಲಗಿದ ವರ್ಷಗಳನ್ನು ಅಪ್ಪ ನೋಡಿದ್ದಾರೆ.

ಹಾಗಾದರೆ ಏನೇನು ದಾರಿ? ಮೊದಲ ಮಾತು, ಪಿಎಚ್‌.ಡಿ. ಬಿಡಬೇಡಿ. ನಾಲ್ಕನೇ ವರ್ಷದಲ್ಲಿ ಬಿಟ್ಟು ಬಂದವರನ್ನು ನಾನು ಕೆಲಸಕ್ಕೆ ತೆಗೆದುಕೊಂಡಿದ್ದೇನೆ, ಒಳ್ಳೆಯವರೇ. ಆದರೆ ಸಭೆಯಲ್ಲಿ ಯಾರಾದರೂ 'ನಿಮಗೇನು ಗೊತ್ತು' ಅಂದಾಗ ಅವರ ದನಿ ಇಳಿಯುವುದನ್ನೂ ನೋಡಿದ್ದೇನೆ. ವಿಷದ ಬಗ್ಗೆ ಪಿಎಚ್‌.ಡಿ. ಇರುವವರು ಎಎಸ್‌ವಿ ಬಗ್ಗೆ ಮಾತಾಡಿದರೆ ಯಾರೂ ಹಾಗೆ ಅನ್ನುವುದಿಲ್ಲ.

ಅದು ಮುಗಿದ ಮೇಲೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಪಾಲಿಸಿ ಫೆಲೋಶಿಪ್ ನೋಡಬಹುದು. ಇಲಾಖೆಯ ನೀತಿ ಸಂಶೋಧನಾ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಐಐಎಸ್‌ಸಿಯಲ್ಲೇ ಇದೆ. ಲ್ಯಾಬಿನಿಂದ ಬಂದವರಿಗೆ ಇದು ಹತ್ತಿರದ ಮೆಟ್ಟಿಲು. ಅಪಾಯ ಏನೆಂದರೆ, ಅಲ್ಲಿ ವಿಜ್ಞಾನದ ಅನುದಾನ, ಪೇಟೆಂಟು, ಸಂಸ್ಥೆಗಳು ಹೇಗೆ ನಡೆಯಬೇಕು ಅನ್ನುವಂಥ ವಿಷಯ ಜಾಸ್ತಿ. ಆರೋಗ್ಯ ಕೇಂದ್ರದ ವಾಸನೆ ಕಡಿಮೆ. ನೀವು ಪತ್ರ ಬರೆದದ್ದು ಆ ವಾರ್ಡ್ ನೋಡಿ, ಅದನ್ನು ಮರೆಯಬೇಡಿ.

ಸಾರ್ವಜನಿಕ ಆರೋಗ್ಯದಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿ, ಅಂದರೆ ಎಂಪಿಎಚ್, ಇನ್ನೊಂದು ದಾರಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್), ಇಂಥ ಕಡೆ ವೈದ್ಯರಲ್ಲದವರನ್ನೂ ತೆಗೆದುಕೊಳ್ಳುತ್ತಾರೆ. ಯಾವ ಪದವಿಯವರಿಗೆ ಅವಕಾಶ ಅಂತ ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ರೋಗದ ಲೆಕ್ಕ ಹಾಕುವ ವಿದ್ಯೆ ಅಲ್ಲಿ ಬರುತ್ತದೆ. ಆದರೆ 31ನೇ ವಯಸ್ಸಿನಲ್ಲಿ ಮತ್ತೆ ಹಾಸ್ಟೆಲ್, ಮತ್ತೆ ಪರೀಕ್ಷೆ. ನನ್ನ ಅಭಿಪ್ರಾಯ ಕೇಳಿದರೆ, ಪಿಎಚ್‌.ಡಿ. ಆದವರಿಗೆ ಇದು ಬಹಳ ಸಲ ಅನಗತ್ಯ. ಕೆಲಸ ಹುಡುಕಲು ಧೈರ್ಯ ಸಾಲದೆ ಇನ್ನೊಂದು ಡಿಗ್ರಿಗೆ ಸೇರುವವರು ಜಾಸ್ತಿ. ಸಂಖ್ಯಾಶಾಸ್ತ್ರ ಮತ್ತು ಸಾಂಕ್ರಾಮಿಕ ರೋಗಶಾಸ್ತ್ರದ ಸಣ್ಣ ಕೋರ್ಸು ಮಾಡಿಕೊಂಡರೆ ಸಾಕಾಗುತ್ತದೆ. ನೀತಿಯ ಪರಿಭಾಷೆ ಕಲಿಯಲು ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ ಕೆಲವು ವಾರಗಳ ಆನ್‌ಲೈನ್ ಕೋರ್ಸು ಇದೆ, ಥೀಸಿಸ್ ಬರೆಯುತ್ತಲೇ ಮಾಡಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರನೆಯದನ್ನು ಹಿಡಿಯುತ್ತಿದ್ದೆ. ಸಂಶೋಧಕರಾಗಿಯೇ ಉಳಿದು, ಸಂಶೋಧನೆಯ ಪ್ರಶ್ನೆಯನ್ನು ಮಾತ್ರ ಟ್ಯೂಬಿನಿಂದ ವಾರ್ಡಿಗೆ ತರುವುದು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನಂಥ ಸಂಸ್ಥೆಗಳು ಬಿಳಿಗಿರಿರಂಗನ ಬೆಟ್ಟದಂಥ ಕಡೆ ಇದನ್ನೇ ಮಾಡುತ್ತವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳಲ್ಲಿ ಚಿಕಿತ್ಸೆ ಮತ್ತು ಸಾರ್ವಜನಿಕ ಆರೋಗ್ಯದ ಸಂಶೋಧನೆಗೆ ಬೇರೆಯೇ ವಿಭಾಗ ಇದೆ. ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಕೀಯ ವಿಭಾಗ ಇದೆ, ಜೊತೆಗೆ ಕೆಲಸ ಮಾಡಲು ಒಬ್ಬ ಡಾಕ್ಟರು ಸಿಕ್ಕರೆ ನಿಮ್ಮ ಅರ್ಧ ತೊಂದರೆ ಮುಗಿಯಿತು. ಅಪಾಯ: ಎರಡು ದೋಣಿಯಲ್ಲಿ ಕಾಲು. ವಿಷದ ವಿಜ್ಞಾನಿಗಳು ನೀವು ದೂರವಾದಿರಿ ಅನ್ನುತ್ತಾರೆ, ಆರೋಗ್ಯದವರು ಇನ್ನೂ ಲ್ಯಾಬ್‌ನವರು ಅನ್ನುತ್ತಾರೆ. ನಾಲ್ಕೈದು ವರ್ಷ ಇದನ್ನು ತಡೆದುಕೊಳ್ಳಬೇಕು.

ಸರ್ಕಾರದ ಆರೋಗ್ಯ ಅಭಿಯಾನದಲ್ಲಿ ಸಲಹೆಗಾರರ ಹುದ್ದೆ ಕೂಡ ಇರುತ್ತದೆ. ಒಳಗಿನಿಂದ ಯಂತ್ರ ಹೇಗೆ ತಿರುಗುತ್ತದೆ ಅಂತ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಲ್ಲ ಗುತ್ತಿಗೆ, ಬಾಯಿಗೆ ಬೀಗ. ಎರಡು ವರ್ಷ ಸಾಕು.

ಇನ್ನು ಕೊಡಗಿನಲ್ಲೇ ಇರುವ ವಿಷಯ. ಪೂರ್ತಿ ಇಲ್ಲೇ ಇದ್ದು ಮಾಡುತ್ತೇನೆ ಅಂದರೆ ಮೊದಲ ಐದು ವರ್ಷ ಕಷ್ಟ. ಕಲಿಸುವವರು, ಜಗಳ ಆಡುವವರು ಬೆಂಗಳೂರು ಮೈಸೂರಿನಲ್ಲಿ ಇದ್ದಾರೆ. ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ ಆನ್‌ಲೈನ್ ಸಭೆಗೆ ಕಾರಿನಲ್ಲಿ ಕೂತು ಫೋನ್ ಚಾರ್ಜ್ ಮಾಡಿಕೊಂಡು ಸೇರಿದ್ದೇನೆ. ಆದರೆ ಇಲ್ಲಿಯವರಾಗಿರುವುದರ ಲಾಭ ಬೇರೆಯವರಿಗೆ ಸಿಗುವಂಥದ್ದಲ್ಲ. 2023ರ ಜುಲೈಯಲ್ಲಿ, ತಂದೆ ತಾಯಿಯಿಂದ ಮಕ್ಕಳಿಗೆ ಬರುವ ಸಿಕಲ್ ಸೆಲ್ ರಕ್ತಹೀನತೆಯ ನಿರ್ಮೂಲನೆಗೆ ಕೇಂದ್ರದ ಮಿಷನ್ ಶುರುವಾಯಿತು. 40 ವರ್ಷದೊಳಗಿನ ಏಳು ಕೋಟಿ ಜನರ ರಕ್ತ ಪರೀಕ್ಷೆ, 2047ರೊಳಗೆ ನಿರ್ಮೂಲನೆ ಅನ್ನುವುದು ಗುರಿ. ಆದಿವಾಸಿ ಹಾಡಿಗಳು ಇರುವ ನಮ್ಮಂಥ ಜಿಲ್ಲೆಗಳಿಗೆ ಇದು ನೇರ ಸಂಬಂಧಪಟ್ಟದ್ದು. ಪರೀಕ್ಷೆ ಮಾಡುವುದು ಕಷ್ಟವಲ್ಲ. ನಿಮ್ಮಲ್ಲಿ ಈ ಗುಣ ಇದೆ ಅಂತ ಕಾರ್ಡ್ ಕೊಟ್ಟಾಗ, ಮದುವೆಯ ಮಾತುಕತೆಯಲ್ಲಿ ಆ ಕಾರ್ಡ್ ಏನು ಮಾಡುತ್ತದೆ? ಯರವ ಭಾಷೆಯಲ್ಲಿ, ಜೇನುಕುರುಬರ ಮಾತಿನಲ್ಲಿ ಅದನ್ನು ಹೆದರಿಸದೆ ಹೇಗೆ ಹೇಳುವುದು? ಈಗ ಲೈನ್‌ಮನೆಗಳಲ್ಲಿ ಅಸ್ಸಾಂ ಕಡೆಯವರೂ ಜಾಸ್ತಿ, ಅವರಿಗೆ ಹಾವು ಕಚ್ಚಿದರೆ ಎಲ್ಲಿಗೆ ಓಡಬೇಕು ಅಂತ ಯಾವ ಭಾಷೆಯ ಬೋರ್ಡ್ ಇದೆ? ಇದನ್ನು ಗಮನಿಸಲು ಇಲ್ಲಿಯ ಮಳೆಯಲ್ಲಿ ನೆನೆದಿರಬೇಕು.

ಅಪ್ಪನ ವಿಷಯಕ್ಕೆ ನನ್ನ ಬಳಿ ಒಂದು ಪಕ್ಕಾ ಉಪಾಯ ಇದೆ, ಅತ್ತೆಯ ಮೇಲೆ ಪ್ರಯೋಗಿಸಿ ಗೆದ್ದದ್ದು. ಕಾಫಿ ಬೋರ್ಡಿನ ಪೂಲ್ ಬಗ್ಗೆ ಕೇಳಿ. ಬೆಳೆದ ಕಾಫಿಯನ್ನೆಲ್ಲ ಪೂಲ್‌ಗೆ ಹಾಕಿ, ದುಡ್ಡು ಕಂತಿನಲ್ಲಿ ಬರುವುದನ್ನು ಕಾಯುತ್ತಿದ್ದ ಕಾಲ ಅವರಿಗೆ ಚೆನ್ನಾಗಿ ನೆನಪಿರುತ್ತದೆ. 1990ರ ದಶಕದಲ್ಲಿ ಅದು ಹಂತಹಂತವಾಗಿ ಹೋಯಿತು, ಬೆಳೆಗಾರ ತನಗೆ ಬೇಕಾದವರಿಗೆ ಮಾರುವ ಹಾಗಾಯಿತು. ಗಿಡ ಅದೇ, ಮಣ್ಣು ಅದೇ, ಮಳೆ ಅದೇ. ಮನೆಗೆ ಜೀಪು ಬಂತು. ಯಾರೋ ಎಲ್ಲೋ ಕೂತು ಲೆಕ್ಕ ಹಾಕಿ, ವಾದ ಮಾಡಿ, ಕಡತ ಬರೆದು ಅದನ್ನು ಮಾಡಿದರು. 'ಅಪ್ಪ, ಕಾಫಿಗೆ ಅವರು ಮಾಡಿದ ಕೆಲಸವನ್ನು ಹಾವಿನ ಮದ್ದಿಗೆ ಮಾಡುವವರ ಜೊತೆ ಸೇರುತ್ತೇನೆ' ಅನ್ನಿ. ಪೂಲ್ ಇದ್ದಾಗಲೇ ಚೆನ್ನಾಗಿತ್ತು ಅನ್ನುವ ಪೈಕಿ ಅಪ್ಪ ಆಗಿದ್ದರೆ ವಾದ ರಾತ್ರಿ ಊಟದವರೆಗೂ ಹೋಗುತ್ತದೆ. ಹೋಗಲಿ, ಎಲ್‌ಐಸಿ ಅಂತೂ ಮರೆತುಹೋಗುತ್ತದೆ.

ಈಗಲೇ ರಾಜೀನಾಮೆ, ಅರ್ಜಿ ಏನೂ ಬೇಡ. ಮುಂದಿನ ಸಲ ಊರಿಗೆ ಬಂದಾಗ ಒಂದು ಸಣ್ಣ ಕೆಲಸ ಮಾಡಿ ನೋಡಿ. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಎರಡಕ್ಕೂ ಹೋಗಿ. ವೈದ್ಯಾಧಿಕಾರಿಯನ್ನು ಮೊದಲು ಕಂಡು, ಯಾಕೆ ಬಂದಿದ್ದೀರಿ ಅಂತ ಹೇಳಿ. ಎಎಸ್‌ವಿ ಎಷ್ಟು ಬಾಟಲಿ ಇದೆ, ಎಕ್ಸ್‌ಪೈರಿ ಯಾವಾಗ, ರಾತ್ರಿ ಯಾರಿರುತ್ತಾರೆ, ಹಾವು ಕಡಿತದ ರಿಜಿಸ್ಟರಿನಲ್ಲಿ ಯಾವ ಯಾವ ಕಾಲಂ ಇದೆ ಅಂತ ಕೇಳಿ. ರೋಗಿಗಳ ಹೆಸರು ಮುಟ್ಟಬೇಡಿ. ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. ಹತ್ತು ರೂಪಾಯಿ, ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನನಗೆ 42 ಪುಟ ಕಲಿಸದ್ದನ್ನು ಆ 150 ಪದ ಕಲಿಸಿತು.

ಆಸ್ಪತ್ರೆಗೆ ಹೋಗುವ ಮೊದಲು ಆ ಲೈನ್‌ಮನೆಗೆ ಹೋಗಿ. ಅವರ ಜೊತೆ ಕೂತು ಮಾತಾಡಿ. ಡಯಾಲಿಸಿಸ್‌ಗೆ ಎಷ್ಟು ಸಲ ಹೋದರು, ಒಂದೊಂದು ಸಲಕ್ಕೆ ಬಸ್ಸಿಗೆ ಎಷ್ಟು ಖರ್ಚಾಯಿತು, ಜೊತೆಗೆ ಹೋದವರ ಎಷ್ಟು ದಿನದ ಕೂಲಿ ಹೋಯಿತು, ಸಾಲ ಯಾರ ಹತ್ತಿರ ಮಾಡಿದರು, ಈಗ ಅದರ ಬಡ್ಡಿ ಎಷ್ಟು. ಬರೆದುಕೊಳ್ಳಬಹುದಾ ಅಂತ ಕೇಳಿಯೇ ಬರೆದುಕೊಳ್ಳಿ. ಇದನ್ನೂ ಆಸ್ಪತ್ರೆಯ ಲೆಕ್ಕವನ್ನೂ ಸೇರಿಸಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಕೊಡುವ ಮೊದಲು ಒಂದು ಪ್ರತಿ ನನಗೂ ಕಳಿಸಿ. ಏನು ಮಾಡಬೇಕು ಅನ್ನುವುದು ಮೊದಲ ಕಂಡಿಕೆಯಲ್ಲೇ ಇರಲಿ.